ಬಾಯಿ ಬಿಡದ ಕರ್ಜಿಕಾಯಿ

ಭಾದ್ರಪದ ಬಂತೆಂದರೆ ಚಿಂತಾಮಣಿ, ಶಿಡ್ಲಘಟ್ಟದ ದಿನಸಿ ಅಂಗಡಿಗಳಲ್ಲಿ ಚಿರೋಟಿ ರವೆ, ಹುರಿಗಡಲೆ, ಗಸಗಸೆ, ಒಣಕೊಬ್ಬರಿ ಕೇಳುವವರೇ ಹೆಚ್ಚು. ಗೌರಿ ಹಬ್ಬದ ಕರ್ಜಿಕಾಯಿಗೆ ಇವಿಲ್ಲದೆ ಆಗದು. ಬಾಗೇಪಲ್ಲಿ ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದನ್ನೇ ಕಜ್ಜಿಕಾಯಿ ಅನ್ನುತ್ತಾರೆ.

ಹೂರಣದ ಕೆಲಸ ಸುಲಭ. ಕೊಬ್ಬರಿ ತುರಿಯನ್ನು ಬೆಚ್ಚಗಾಗುವಷ್ಟು ಹುರಿದು, ಹುರಿಗಡಲೆ, ಸಕ್ಕರೆ, ಏಲಕ್ಕಿ ಪುಡಿ ಮಾಡಿ, ಹುರಿದ ಗಸಗಸೆ, ಎಳ್ಳು ಬೆರೆಸಿದರೆ ಮುಗಿಯಿತು. ತೇವ ಮಾತ್ರ ಇರಕೂಡದು. ಹಸಿ ತೆಂಗಿನಕಾಯಿ ಬಿಟ್ಟು ಕೊಬ್ಬರಿ ಹಾಕುವುದು ಅದಕ್ಕೇ. ಕಡಲೆಬೇಳೆ ಬೆಲ್ಲ ತುಂಬಿದ ಕರಿಗಡುಬು ಎರಡು ದಿನಕ್ಕೇ ಹಳಸುತ್ತದೆ. ಕರ್ಜಿಕಾಯಿ ಡಬ್ಬದಲ್ಲಿ ಹದಿನೈದು ದಿನವಾದರೂ ಗರಿಗರಿ. ಬಾಗಿನದ ಜೊತೆ ತವರಿನಿಂದ ಮಗಳ ಮನೆಗೆ ಬಸ್ಸಿನಲ್ಲಿ ಹೋಗಬೇಕಾದ ತಿಂಡಿಗೆ ಈ ಗುಣ ಬೇಕೇ ಬೇಕು.

ಕಣಕಕ್ಕೆ ಕಾದ ತುಪ್ಪವನ್ನೋ ಎಣ್ಣೆಯನ್ನೋ ಹಾಕಿ, ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ನೆನೆಯಲು ಬಿಡುತ್ತಾರೆ. ಹಿಟ್ಟಿನ ಭಕ್ಷ್ಯಗಳ ಮೋಹ ಕನ್ನಡಿಗರಿಗೆ ಹಳೆಯದು. 16ನೇ ಶತಮಾನದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ.

ನಿಜವಾದ ಕೈಚಳಕ ಇರುವುದು ಅಂಚಿನಲ್ಲಿ. ಪುಟ್ಟ ಪೂರಿ ಲಟ್ಟಿಸಿ, ನಡುವೆ ಹೂರಣ ಇಟ್ಟು, ಅಂಚಿಗೆ ಹಾಲು ಸವರಿ ಮಡಿಚಿ ಒತ್ತಬೇಕು. ಆಮೇಲೆ ಒಂದು ತುದಿಯಿಂದ ಹೆಬ್ಬೆರಳಲ್ಲಿ ಅಂಚನ್ನು ತುಸುವೇ ಎಳೆದು ಒಳಮಡಿಚಿ, ಆ ಮಡಿಕೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಜಡೆ ಹೆಣೆದಂತೆ ಇನ್ನೊಂದು ತುದಿ ಮುಟ್ಟಬೇಕು. ಒಂದು ಮಡಿಕೆ ಸಡಿಲವಾದರೂ ಬಾಣಲೆಯಲ್ಲಿ ಬಾಯಿ ಬಿಡುತ್ತದೆ. ಹೊರಬಿದ್ದ ಸಕ್ಕರೆ ಎಣ್ಣೆಯ ತಳದಲ್ಲಿ ಸೀಯುತ್ತದೆ. ಮುಂದಿನ ಒಬ್ಬೆಗೆಲ್ಲ ಕಪ್ಪು ಚುಕ್ಕೆ, ಸಣ್ಣ ಕಹಿ. ಎಣ್ಣೆ ಸೋಸದೆ ಗತಿಯಿಲ್ಲ. ಉರಿಯೂ ಸಣ್ಣಗಿರಬೇಕು, ಅವಸರ ಮಾಡಿದರೆ ಮೇಲೆ ಕೆಂಪು, ಒಳಗೆ ಮೆತ್ತಗೆ.

ಒಬ್ಬರೇ ಕೂತು ಮಾಡುವ ಕೆಲಸ ಇದಲ್ಲ. ಸೊಸೆ ಲಟ್ಟಿಸುತ್ತಾಳೆ, ನಾದಿನಿ ಹೂರಣ ತುಂಬುತ್ತಾಳೆ, ಅಂಚು ಕಟ್ಟಲು ಕೈ ಪಳಗಿದವರು, ಒಲೆ ಮುಂದೆ ಅತ್ತೆ. ಬಾಯಿ ಬಿಟ್ಟವೆಲ್ಲ ಮಕ್ಕಳ ಪಾಲು. ಗಂಡಸರು ಕೊಬ್ಬರಿ ತುರಿಯುತ್ತಾರೆ, ಅದೂ ಬಲವಂತಕ್ಕೆ.

ಚೀನೀಯರಿಗೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಹೂರಣದ ಹಬ್ಬ. ಅವರ ಎಂಟನೇ ಚಾಂದ್ರಮಾಸದ ಹುಣ್ಣಿಮೆಗೆ ಮನೆಮಂದಿಯೆಲ್ಲ ಸೇರಿ ‘ಯುಯೆಬಿಂಗ್’ ತಿನ್ನುತ್ತಾರೆ. ಅಚ್ಚಿನಲ್ಲಿ ಒತ್ತಿ ಒಲೆಯಲ್ಲಿ ಸುಟ್ಟ ದುಂಡನೆಯ ಭಕ್ಷ್ಯ. ಒಳಗೆ ತಾವರೆ ಬೀಜದ್ದೋ ಕೆಂಪು ಕಾಳಿನದ್ದೋ ಹೂರಣ, ಕೆಲವದರಲ್ಲಿ ಉಪ್ಪಿನಲ್ಲಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ. 2024ರಲ್ಲಿ ನಮ್ಮ ಚೌತಿ ಸೆಪ್ಟೆಂಬರ್ 7ಕ್ಕೆ ಬಂದರೆ ಅವರ ಹಬ್ಬ 17ಕ್ಕೆ ಬಂತು. ತಮಾಷೆಯೆಂದರೆ ಅವರು ಚಂದ್ರನನ್ನು ನೋಡುತ್ತಲೇ ತಿನ್ನಬೇಕು, ನಾವು ನೋಡಲೇಬಾರದು. ಕಡುಬು ತಿಂದು ಹೊಟ್ಟೆ ಬಿರಿದ ಗಣಪನನ್ನು ಕಂಡು ನಕ್ಕಿದ್ದಕ್ಕೆ ಚಂದ್ರನಿಗೆ ತಟ್ಟಿದ ಶಾಪ ಅದು. ನೋಡಿದವರಿಗೆ ಸ್ಯಮಂತಕ ಮಣಿಯ ಕತೆಯೇ ಪರಿಹಾರ. ಯುಯೆಬಿಂಗನ್ನು ಅವರು ಹೋಳು ಮಾಡಿ ಹಂಚಿಕೊಳ್ಳುತ್ತಾರೆ. ಕರ್ಜಿಕಾಯಿಯನ್ನು ಹಾಗೆ ಹಂಚಲು ಹೋದರೆ ಹೂರಣವೆಲ್ಲ ಅಂಗಿಯ ಮೇಲೆ.

ಈಗ ಪ್ಲಾಸ್ಟಿಕ್ ಅಚ್ಚು ಮನೆಮನೆಗೆ ಬಂದಿದೆ. ಕೆಲಸ ಬೇಗ ಆಗುತ್ತದೆ, ಎಲ್ಲವೂ ಒಂದೇ ಅಳತೆ. ಆದರೆ ಅಂಚು ದಪ್ಪ, ಹೂರಣ ಕಡಿಮೆ. ಕೈಯಲ್ಲಿ ಕಟ್ಟಿದ್ದರ ಮಡಿಕೆಗಳು ಎಣ್ಣೆಯಲ್ಲಿ ಪದರಪದರವಾಗಿ ಅರಳಿ, ಮೊದಲ ಕಡಿತಕ್ಕೇ ಕರುಂ ಅನ್ನುತ್ತವೆ. ನನ್ನ ಮತ ಅದಕ್ಕೇ.

ಮಾಡಲಾಗದವರಿಗೆ ಕಾಂಡಿಮೆಂಟ್ಸ್ ಅಂಗಡಿಗಳಿವೆ. ಕೊಳ್ಳುವ ಮುಂಚೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹೂರಣ ಗಲಗಲ ಅಂದರೆ ಒಳಗೆ ಅರ್ಧ ಗಾಳಿ ಎಂದರ್ಥ. ಮುರಿದು ಮೂಸಿಯೂ ನೋಡಿ. ಕೊಬ್ಬರಿ ಕನರಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.