ಯಶವಂತಪುರದ ಬೆಳ್ಳಿ, ಅಕ್ಕಿಆಲೂರಿನ ಚಿನ್ನ

ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲುದಾರಿಗಾಗಿ ನೆಲವನ್ನು ಅಗೆಯುತ್ತಿದ್ದಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವು ಅಗಸ್ಟಸ್, ಟೈಬೀರಿಯಸ್ ಮೊದಲಾದ ಆದಿಚಕ್ರವರ್ತಿಗಳ ಕಾಲದವು. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಾದರೋ ಚಿನ್ನದ್ದು. ಅದರಲ್ಲಿ ಐದು-ಆರನೆಯ ಶತಮಾನಗಳ ರೋಮನ್ ನಾಣ್ಯಗಳೂ ಅವುಗಳ ಅನುಕರಣೆಗಳೂ ಇವೆ. ಬೆಳ್ಳಿಯ ಸ್ಥಾನವನ್ನು ಚಿನ್ನ ಆಕ್ರಮಿಸಿದ ಬಗೆಯನ್ನು ಅರಿತರೆ, ರೋಮನ್ ಸಾಮ್ರಾಜ್ಯದ ಉತ್ತರಕಾಲದಲ್ಲಿ ಅಲ್ಲಿನ ಬಡವರು ಪಟ್ಟ ಪಾಡೂ ತಿಳಿದುಬರುತ್ತದೆ.

ಅಗಸ್ಟಸನ ದಿನಾರಿಯಸ್ ಹೆಚ್ಚುಕಡಮೆ ಅಪ್ಪಟ ಬೆಳ್ಳಿ. ಕ್ರಿ. ಶ. 64ರಲ್ಲಿ ನೀರೋ ಅದರ ತೂಕವನ್ನೂ ಶುದ್ಧತೆಯನ್ನೂ ತಗ್ಗಿಸಿದನು. ಸೈನಿಕರ ವೇತನ ಏರಿದಂತೆಲ್ಲ ಮುಂದಿನವರೂ ಅದೇ ದಾರಿ ಹಿಡಿದರು. 270ರ ಸುಮಾರಿಗೆ ‘ಬೆಳ್ಳಿ’ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದು ಪಾಲೂ ಉಳಿದಿರಲಿಲ್ಲ; ತಾಮ್ರದ ಮೇಲೆ ತೆಳುವಾದ ಲೇಪವಷ್ಟೇ. ಅಪಮೌಲ್ಯಗೊಂಡ ಹಣವನ್ನು ನಮ್ಮ ವರ್ತಕರು ಬಯಸಲಿಲ್ಲವೆಂಬುದಕ್ಕೆ, ಭಾರತದ ಬೆಳ್ಳಿ ನಿಧಿಗಳಲ್ಲಿ ನೀರೋವಿಗೆ ಹಿಂದಿನ ನಾಣ್ಯಗಳೇ ಬಹುಪಾಲು ಇರುವುದು ಸಾಕ್ಷಿ.

ಬೆಲೆಗಳನ್ನು ತಡೆಯಲು ಡಯೋಕ್ಲೀಷಿಯನ್ 301ರಲ್ಲಿ ಪ್ರಸಿದ್ಧವಾದ ಬೆಲೆಯ ಶಾಸನವನ್ನು ಹೊರಡಿಸಿದನು. ಮೀರಿದವರಿಗೆ ಮರಣದಂಡನೆ! ಅದರಂತೆ ಹೊಲದಾಳಿಗೆ ಊಟವಲ್ಲದೆ ದಿನಗೂಲಿ 25 ದಿನಾರಿಯಸ್. ಒಂದು ಸೈನಿಕ ಮೋಡಿಯಸ್ ಅಳತೆಯ ಗೋದಿಗೆ 100, ಎಂದರೆ ನಾಲ್ಕು ದಿನಗಳ ಕೂಲಿ. ಒಂದು ರೋಮನ್ ಪೌಂಡು ಚಿನ್ನಕ್ಕೆ 72,000. ಸರಕು ಪೇಟೆಯಿಂದಲೇ ಮಾಯವಾಯಿತೆಂದು ಸಮಕಾಲೀನನಾದ ಲ್ಯಾಕ್ಟಾಂಷಿಯಸ್ ಬರೆದಿದ್ದಾನೆ. ಅವನು ಆ ಚಕ್ರವರ್ತಿಯ ಕಡುವೈರಿಯೆಂಬುದನ್ನು ನೆನೆದೇ ಈ ಮಾತನ್ನು ಓದಬೇಕು. ಆದರೂ ಶಾಸನ ಬಹುಕಾಲ ನಿಲ್ಲಲಿಲ್ಲ.

ತರುವಾಯ ಕಾನ್ಸ್ಟಂಟೈನನು ಪೌಂಡಿಗೆ 72ರಂತೆ ಸಾಲಿಡಸ್ ಎಂಬ ಚಿನ್ನದ ನಾಣ್ಯವನ್ನು ಅಚ್ಚುಹಾಕಿಸಿದನು. ತೂಕ ಸುಮಾರು ನಾಲ್ಕೂವರೆ ಗ್ರಾಂ. ಶಾಸನದ ದರದಲ್ಲಿ ಅಷ್ಟು ಚಿನ್ನ ಹೊಲದಾಳಿನ ನಲವತ್ತು ದಿನಗಳ ಕೂಲಿಗೆ ಸಮ. ಹನ್ನೊಂದನೆಯ ಶತಮಾನದವರೆಗೆ ಬಹುಮಟ್ಟಿಗೆ ಕೆಡದೆ ಉಳಿದ ಈ ನಾಣ್ಯವನ್ನು ಇತಿಹಾಸಕಾರರು ಕೊಂಡಾಡುವುದು ವಾಡಿಕೆ. ಆದರೆ ಹಣ ಯಾರ ಪಾಲಿಗೆ ಸ್ಥಿರವಾಗಿತ್ತು? ಕೂಲಿಕಾರನ ಕೈಗೆ ಬರುತ್ತಿದ್ದುದು ತಾಮ್ರ. ಅದರ ಬೆಲೆ ನಾಲ್ಕನೆಯ ಶತಮಾನದುದ್ದಕ್ಕೂ ಕುಸಿಯುತ್ತಲೇ ಹೋಯಿತು. ಸರ್ಕಾರವಾದರೋ ಚಿನ್ನವನ್ನೇ ಕೇಳಿತು. ವರ್ತಕರು ಮತ್ತು ಕುಶಲಕರ್ಮಿಗಳ ಮೇಲೆ ಹೇರಿದ ‘ಕ್ರಿಸಾರ್ಗಿರಾನ್’ ಎಂಬ ತೆರಿಗೆ ಕೆಲವು ವರ್ಷಗಳಿಗೊಮ್ಮೆ ಒಟ್ಟಿಗೇ ಬಂದೆರಗುತ್ತಿತ್ತು. ಅದನ್ನು ತೆರಲು ತಾಯ್ತಂದೆಗಳು ಮಕ್ಕಳನ್ನೇ ಮಾರಿದರೆಂದು ಜೋಸಿಮಸ್ ಹೇಳುತ್ತಾನೆ. 498ರಲ್ಲಿ ಅನಸ್ತಾಸಿಯಸ್ ಇದನ್ನು ರದ್ದುಗೊಳಿಸಿದಾಗ ಎಡೆಸ್ಸಾ ನಗರದ ಜನ ಬಿಳಿಯುಡುಗೆ ತೊಟ್ಟು ಉತ್ಸವ ಮಾಡಿದರು.

ಆರನೆಯ ಶತಮಾನದಲ್ಲಿ ಮಲಬಾರಿನ ಮೆಣಸಿನ ರೇವುಗಳನ್ನು ಹೆಸರಿಸಿದ ಕಾಸ್ಮಾಸನು, ರೋಮಿನ ಚಿನ್ನಕ್ಕೆ ಎಲ್ಲ ದೇಶಗಳಲ್ಲಿಯೂ ಮನ್ನಣೆಯಿದೆಯೆಂದು ಹೆಮ್ಮೆಪಡುತ್ತಾನೆ. ಅತಿಶಯೋಕ್ತಿ ಇದ್ದೀತು, ಅಕ್ಕಿಆಲೂರಿನ ಮಟ್ಟಿಗೆ ಮಾತು ಸುಳ್ಳಲ್ಲ. ಬೆಳ್ಳಿಯ ದಿನಾರಿಯಸ್ಸಿನಿಂದ ಹುಟ್ಟಿದ ‘ದೀನಾರ’ ಶಬ್ದ ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯವನ್ನೇ ಸೂಚಿಸುವುದೂ ಇಲ್ಲಿ ಗಮನಾರ್ಹ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ಇಲ್ಲಿನವರು ಅವನ್ನು ದಾರಕ್ಕೆ ಪೋಣಿಸಿ ಕೊರಳಲ್ಲಿ ಧರಿಸಿದಂತೆ ತೋರುತ್ತದೆ.