ನಿಮಗಿದು ಗೊತ್ತೆ? ಮೀನು ಮಾಡುವ ಮರಳು
ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಷ್ಟೇ. ಎಲ್ಲ ಕೂಡಿಸಿದರೂ ನೆಲ ಸುಮಾರು 32 ಚದರ ಕಿ.ಮೀ.; ನಿಜವಾದ ಸಿರಿ ಇರುವುದು ನೀರಿನೊಳಗೆ. ಕಡಮತ್, ಬಂಗಾರಂ ದ್ವೀಪಗಳ ಲಗೂನಿನಲ್ಲಿ ಸ್ನಾರ್ಕೆಲ್ ತೊಟ್ಟು ಮುಖ ಮುಳುಗಿಸಿದರೆ ಕಟಕಟ ಸದ್ದು ಕೇಳೀತು. ಅದು ಗಿಣಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆಯುವ ಸದ್ದು! ಪಾಚಿ ಅದರ ಹೊಟ್ಟೆಗೆ. ಜೀರ್ಣವಾಗದ ಸುಣ್ಣ ನುಣ್ಣನೆಯ ಪುಡಿಯಾಗಿ ಹೊರಕ್ಕೆ. ನಾವು ಬರಿಗಾಲಲ್ಲಿ ನಡೆದಾಡುವ ಬಿಳಿ ಮರಳಿನಲ್ಲಿ ಈ ಪುಡಿಯ ಪಾಲೂ ಇದೆ. ಹವಳ ಕಲ್ಲಲ್ಲ, ಜೀವಿಗಳ ಕಾಲೊನಿ. ದಯವಿಟ್ಟು ಅದರ ಮೇಲೆ ಕಾಲಿಡಬೇಡಿ. ದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು; ಕೊಚ್ಚಿಯಿಂದ ಹಡಗಿದೆ. ಅಂದಹಾಗೆ, ಕಡಮತ್ ಸೇರಿದಂತೆ ಅಮಿನಿದಿವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.