ಪಗಾರ ಎಷ್ಟು ಅಂತ ಕೇಳುವ ಮೊದಲು

ಪುಣೆಯ ಸ್ವಾರಗೇಟ ಬಸ್ ನಿಲ್ದಾಣಕ್ಕೆ ನಮ್ಮ ಬೆಳಗಾವಿ, ಕಲಬುರಗಿ ಕಡೆಯಿಂದಲೂ ಬಸ್ಸುಗಳು ಬರುತ್ತವೆ. ಕೆಲಸ ಹುಡುಕುವ ಹುಡುಗರು ಇಲ್ಲಿ ಇಳಿಯುತ್ತಾರೆ. "ಎಲೆಕ್ಟ್ರಿಷಿಯನ್ ಆದ್ರೆ ಪಗಾರ ಎಷ್ಟು?" ನಿಮ್ಮ ಪ್ರಶ್ನೆಯೂ ಇದೇ ಆಗಿದ್ದರೆ, ಬನ್ನಿ, ಲೆಕ್ಕ ಹಾಕೋಣ.

ದಾರಿ ಎರಡಿವೆ. ನಾಳೆಯಿಂದಲೇ ಸೈಟಿನಲ್ಲಿ ಹೆಲ್ಪರ್ ಆದರೆ ರೊಕ್ಕ ಬೇಗ ಬರುತ್ತದೆ. ಆದರೆ ಗೋಡೆ ಕೊರೆಯುವುದು, ಪೈಪು ಹಾಕುವುದರಲ್ಲೇ ವರ್ಷಗಳು ಕಳೆದುಹೋಗಬಹುದು.

ಇನ್ನೊಂದು ದಾರಿ, ಹತ್ತನೇ ತರಗತಿ ಪಾಸಾಗಿ ಐಟಿಐನಲ್ಲಿ 2 ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮಾಡುವುದು. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪನಿಯಲ್ಲಿ ಸ್ಟೈಪೆಂಡ್ ಪಡೆಯುತ್ತಾ ಕಲಿಯಬಹುದು. ವೈರ್‌ಮನ್ ಪರ್ಮಿಟ್ ಪಡೆಯಲೂ ಈ ಸರ್ಟಿಫಿಕೇಟ್ ನೆರವಾಗುತ್ತದೆ. ಮನೆಯ ಸ್ಥಿತಿ ಎರಡು ವರ್ಷ ಕಾಯಲು ಬಿಡದಿದ್ದರೆ ಹೆಲ್ಪರ್ ಆಗುವುದು ತಪ್ಪಲ್ಲ. ಆದರೆ ಕಲಿಸುವ ಮೇಸ್ತ್ರಿಯನ್ನೇ ಹುಡುಕಿ.

ಇನ್ನು ಖುಷಿಯ ಮಾತು. ಈ ಕೆಲಸದಲ್ಲಿ ಜೀವಭಯ ಇದ್ದಲ್ಲಿ ಖುಷಿ ಇರುವುದಿಲ್ಲ. ಮನೆಗೆ ಬರುವ 230 ವೋಲ್ಟ್ ಕರೆಂಟೇ ಜೀವ ತೆಗೆಯಲು ಸಾಕು. ಅದಕ್ಕೇ ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲಷ್ಟೇ ವೈರ್ ಮುಟ್ಟಬೇಕು. ಚಾಲೂ ಲೈನಿನಲ್ಲೇ ಅವಸರ ಮಾಡಿಸುವ ಮಾಲೀಕ ಎಷ್ಟು ಕೊಟ್ಟರೂ ರಾತ್ರಿ ನಿದ್ದೆ ಬರೋದಿಲ್ಲ.

ಹಾಗಾಗಿ ಕೆಲಸಕ್ಕೆ ಸೇರುವ ಮುನ್ನ ಮೂರು ಪ್ರಶ್ನೆ ಹಾಕಿಕೊಳ್ಳಿ. ಬಾಡಿಗೆ, ಊಟ ಕಳೆದು ಊರಿಗೆ ಎಷ್ಟು ಕಳಿಸಬಹುದು? ಇಲ್ಲಿ ಹೊಸದೇನು ಕಲಿಯುತ್ತೇನೆ? ಅಪಾಯದ ಕೆಲಸಕ್ಕೆ "ಆಗೋದಿಲ್ಲ" ಅನ್ನಬಹುದೇ? ಮೊದಲೆರಡರಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಮೂರನೆಯದಕ್ಕೆ ಉತ್ತರ "ಇಲ್ಲ" ಅಂತಾದರೆ, ಆ ಕೆಲಸ ಬಿಟ್ಟುಬಿಡಿ.